ಅಜರ್‌ಬೈಜಾನಿನ ಖಿನಾಲಿಗ್ ಹಳ್ಳಿಯಲ್ಲಿ ಜನ ಹೇಗೆ ಬದುಕುತ್ತಾರೆ?

ಮುಖ್ಯವಾಗಿ ಕುರಿಗಳನ್ನು ನಂಬಿಕೊಂಡು. ಕಾಕಸಸ್ ಪರ್ವತಗಳ ನಡುವೆ ಸುಮಾರು 2,300 ಮೀಟರ್ ಎತ್ತರದಲ್ಲಿರುವ ಊರು ಇದು. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತಲೂ ಮೇಲೆ! ಅಲ್ಲಿ ಬೇಸಾಯಕ್ಕೆ ಜಾಸ್ತಿ ಅವಕಾಶವಿಲ್ಲ. ಬೇಸಿಗೆಯಲ್ಲಿ ಮಂದೆ ಬೆಟ್ಟದ ಹುಲ್ಲುಗಾವಲಿನಲ್ಲಿ ಮೇಯುತ್ತದೆ. ಚಳಿ ಶುರುವಾಗುವ ಹೊತ್ತಿಗೆ ಕುರುಬರು ಅದನ್ನು ಬಯಲುಸೀಮೆಗೆ ಹೊಡೆದುಕೊಂಡು ಹೋಗುತ್ತಾರೆ. ಆ ದಾರಿಯೇ ಸುಮಾರು 200 ಕಿ.ಮೀ. ಉದ್ದ. ಊರು ಮತ್ತು ಈ ವಲಸೆ ದಾರಿ ಎರಡನ್ನೂ ಸೇರಿಸಿ ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಹಾಕಿತು.

ಮನೆಗಳು ಕಲ್ಲಿನವು, ಮಾಳಿಗೆ ಚಪ್ಪಟೆ. ಇಳಿಜಾರಿಗೆ ಅಂಟಿಕೊಂಡಂತೆ ಕಟ್ಟಿರುವುದರಿಂದ ಕೆಳಗಿನ ಮನೆಯ ಮಾಳಿಗೆಯೇ ಮೇಲಿನ ಮನೆಯವರಿಗೆ ಅಂಗಳ. ಅಕ್ಕಪಕ್ಕದವರ ಜತೆ ಜಗಳ ಆಡಿಕೊಂಡು ಇರೋದು ಕಷ್ಟವೇ ಅಲ್ವಾ?

ಸುತ್ತ ಮರಗಳಿಲ್ಲ, ಹಾಗಾಗಿ ಸೌದೆಯೂ ಇಲ್ಲ. ಸಗಣಿಯನ್ನೇ ಒಣಗಿಸಿ ಉರಿಸುತ್ತಾರೆ. ನಾವು ಗೋಡೆಗೆ ತಟ್ಟುವ ಬೆರಣಿಯಂತೆ ತೆಳುವಾಗಿ ಅಲ್ಲ, ಇಟ್ಟಿಗೆಯಂತೆ ದಪ್ಪಗೆ ಮಾಡಿ, ಮನೆ ಪಕ್ಕ ಒಟ್ಟುತ್ತಾರೆ. ಚಳಿಗಾಲದ ಒಲೆಗೆ ಇದೇ ಆಧಾರ.

ಒಂದೆರಡು ಸಾವಿರ ಜನ, ಆದರೂ ಅವರದ್ದೇ ಭಾಷೆ ಇದೆ. ಪಕ್ಕದ ಕಣಿವೆಯವರಿಗೂ ಅದು ಅರ್ಥವಾಗದು. ಹೊರಗಿನವರ ಜತೆ ಅಜರ್‌ಬೈಜಾನಿ ಮಾತಾಡುತ್ತಾರೆ. ಗುಬಾ ಪಟ್ಟಣದಿಂದ ಡಾಂಬರು ರಸ್ತೆ ಬಂದಿದ್ದು 2000ರ ದಶಕದಲ್ಲಷ್ಟೇ. ಆಮೇಲೆ ಪ್ರವಾಸಿಗರು ಬರತೊಡಗಿದರು, ಕೆಲವರು ಮನೆಯಲ್ಲೇ ರೂಮು ಕೊಟ್ಟು ನಾಲ್ಕು ಕಾಸು ನೋಡುತ್ತಿದ್ದಾರೆ. ಹಿಮ ಜೋರಾಗಿ ಬಿದ್ದರೆ ಆ ರಸ್ತೆಯೂ ಮುಚ್ಚಬಹುದು, ಹೋಗುವುದಾದರೆ ಬೇಸಿಗೆಯಲ್ಲೇ ಹೋಗಿ.