ಆರೋಗ್ಯ ವಿಮೆ 10 ಲಕ್ಷಕ್ಕೆ ಏರಿಸಬೇಕೇ, ಸರ್ಕಾರಿ ದವಾಖಾನೆ ಬಲಪಡಿಸಬೇಕೇ? ಪ್ರಸ್ತಾವವನ್ನು ತೂಗುವುದು ಹೇಗೆ?

ನಮಸ್ಕಾರ. ಕುಷ್ಟಗಿ ತಾಲ್ಲೂಕಿನ ನಿಮ್ಮ ಸಂಘದ ಮುಂದೆ 'ಎಲ್ಲರಿಗೂ ಆರೋಗ್ಯ'ದ ಎರಡು ಪ್ರಸ್ತಾವಗಳಿವೆ ಎಂದು ಬರೆದಿದ್ದೀರಿ. ಮೊದಲನೆಯದು ಆರೋಗ್ಯ ವಿಮೆ ಕಾರ್ಡಿನ ಮೊತ್ತವನ್ನು 5 ಲಕ್ಷದಿಂದ 10 ಲಕ್ಷಕ್ಕೆ ಏರಿಸಿ ಎನ್ನುತ್ತದೆ, ಇನ್ನೊಂದು ಸರ್ಕಾರಿ ದವಾಖಾನೆಗಳಿಗೇ ದುಡ್ಡು ಹಾಕಿ ಎನ್ನುತ್ತದೆ. ಯಾವುದಕ್ಕೆ ಸಹಿ ಹಾಕಬೇಕು ಎಂಬುದು ನಿಮ್ಮ ಪ್ರಶ್ನೆ.

ಮೊತ್ತವನ್ನು ಆಮೇಲೆ ನೋಡಿ. ಅಡ್ಮಿಟ್ ಆಗದ ರೋಗಿಗೆ ಏನು ಸಿಗುತ್ತದೆ ಎಂಬುದನ್ನು ಮೊದಲು ಹುಡುಕಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡು ದುಡ್ಡು ಕೊಡುವುದು ಮುಖ್ಯವಾಗಿ ಒಳರೋಗಿ ಚಿಕಿತ್ಸೆಗೆ. ಬಿಪಿ, ಸಕ್ಕರೆ ಕಾಯಿಲೆ ಇರುವವರು ವರ್ಷಗಟ್ಟಲೆ ಅಡ್ಮಿಟ್ ಆಗುವುದೇ ಇಲ್ಲ. ಅವರ ಖರ್ಚೆಲ್ಲ ಮೆಡಿಕಲ್ ಶಾಪಿನಲ್ಲಿ ಆಗುತ್ತದೆ. 2021-22ರ ರಾಷ್ಟ್ರೀಯ ಆರೋಗ್ಯ ಲೆಕ್ಕದ ಪ್ರಕಾರ ದೇಶದ ಒಟ್ಟು ಆರೋಗ್ಯ ಖರ್ಚಿನಲ್ಲಿ ಶೇ 39.4 ಜನರ ಜೇಬಿನಿಂದಲೇ ಹೋಗಿದೆ, ಅದರಲ್ಲಿ ಔಷಧಿಯದೇ ದೊಡ್ಡ ಪಾಲು. ಗುಳಿಗೆ ಕೊಳ್ಳಲಾಗದೆ ಬಿಟ್ಟವರಿಗೆ ಲಕ್ವ ಹೊಡೆದ ಮೇಲೆ, ಕಿಡ್ನಿ ಕೆಟ್ಟು ಡಯಾಲಿಸಿಸ್‌ಗೆ ಬಿದ್ದ ಮೇಲೆ ಕಾರ್ಡು ಕೆಲಸಕ್ಕೆ ಬರುತ್ತದೆ. 10 ಲಕ್ಷ ಮಾಡಿದರೂ ಇದು ಹೀಗೇ ಇರುತ್ತದೆ.

ಹಾಗೆಂದು ಎರಡನೆಯದಕ್ಕೆ ಕಣ್ಣುಮುಚ್ಚಿ ಸಹಿ ಹಾಕಬೇಡಿ. 'ಬಲಪಡಿಸುತ್ತೇವೆ' ಎಂದು ಬರೆಯಲು ಏನೂ ಖರ್ಚಿಲ್ಲ. ಗುಳಿಗೆ ಎಣಿಸಿ. ಒಂದು ಪಿಎಚ್‌ಸಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ) ಸುಮಾರು 30,000 ಜನ. ಮೂವತ್ತು ದಾಟಿದವರು ಅರ್ಧ ಎಂದಿಟ್ಟುಕೊಳ್ಳಿ, ಅವರಲ್ಲಿ ಐವರಿಗೆ ಒಬ್ಬರಿಗೆ ಬಿಪಿ ಎಂದರೆ 3,000 ಜನ. ದಿನಕ್ಕೊಂದು ಆಮ್ಲೋಡಿಪಿನ್ (ಬಿಪಿ ಗುಳಿಗೆ) ಎಂದರೂ ತಿಂಗಳಿಗೆ 90,000 ಗುಳಿಗೆ. ಅರ್ಧದಷ್ಟೇ ಜನ ಪಿಎಚ್‌ಸಿಗೆ ಬಂದರೆ 45,000. ಈಗ ನಿಮ್ಮ ಪಿಎಚ್‌ಸಿಯ ಸ್ಟಾಕ್ ರಿಜಿಸ್ಟರ್ ತೆಗೆಸಿ, ತಿಂಗಳಿಗೆ ಎಷ್ಟು ಬಂದಿದೆ, ಎಷ್ಟು ದಿನ 'ನಿಲ್' ಇತ್ತು ನೋಡಿ. ಸಾಮಾನ್ಯವಾಗಿ ತಪ್ಪುವುದು ಇಂಡೆಂಟ್‌ನಲ್ಲಿ, ಅಂದರೆ ಔಷಧಿ ಬೇಡಿಕೆ ಪಟ್ಟಿಯಲ್ಲಿ: ಹೋದ ವರ್ಷ ಎಷ್ಟು ಖರ್ಚಾಯಿತೋ ಅಷ್ಟನ್ನೇ ಈ ವರ್ಷವೂ ಕೇಳುತ್ತಾರೆ. ಹೋದ ವರ್ಷ ಆರು ತಿಂಗಳು ಗುಳಿಗೆಯೇ ಇರಲಿಲ್ಲ ಎಂದರೆ ಖರ್ಚೂ ಕಡಿಮೆ, ಹಾಗಾಗಿ ಬೇಡಿಕೆಯೂ ಕಡಿಮೆ. ಕೊರತೆಯೇ ಮುಂದಿನ ಕೊರತೆಗೆ ಲೆಕ್ಕವಾಗುತ್ತದೆ. ರೋಗಿಗಳ ನೋಂದಣಿ ಆಧರಿಸಿ ಇಂಡೆಂಟ್ ಹಾಕುತ್ತೇವೆ ಎಂಬ ಸಾಲು ಪ್ರಸ್ತಾವದಲ್ಲಿದ್ದರೆ, ಬರೆದವರಿಗೆ ಕೆಲಸ ಗೊತ್ತಿದೆ ಎಂದು ನಂಬಬಹುದು.

ಎರಡನೆಯ ಪರೀಕ್ಷೆ ರಾತ್ರಿ ಹೆರಿಗೆ. ತಾಲ್ಲೂಕು ಆಸ್ಪತ್ರೆಯಲ್ಲಿ ಸಿಸೇರಿಯನ್ ಆಗಬೇಕಾದರೆ ಸ್ತ್ರೀರೋಗ ತಜ್ಞರು, ಅರಿವಳಿಕೆ ವೈದ್ಯರು, ಮಕ್ಕಳ ತಜ್ಞರು, ರಕ್ತ ಸಂಗ್ರಹ ಘಟಕ ನಾಲ್ಕೂ ಒಂದೇ ಹೊತ್ತಿಗೆ ಇರಬೇಕು. ಒಂದು ತಪ್ಪಿದರೂ ರೆಫರಲ್ ಚೀಟಿ ಬರೆದು 108ರಲ್ಲಿ ಕೊಪ್ಪಳಕ್ಕೋ ಬಳ್ಳಾರಿಗೋ ಕಳಿಸುತ್ತಾರೆ. ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೆ ಇಡೀ ವಾರ ತುಂಬಲು ನಾಲ್ಕು ಅರಿವಳಿಕೆ ವೈದ್ಯರು ಬೇಕು. ಒಂದೇ ಹುದ್ದೆ ಮಂಜೂರು ಮಾಡಿ '24 ಗಂಟೆ ಸೇವೆ' ಎಂದು ಬರೆದಿದ್ದರೆ ಆ ಪುಟಕ್ಕೆ ಬೆಲೆಯಿಲ್ಲ. ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ಎರಡನ್ನೂ ಬೇರೆ ಬೇರೆ ಕೇಳಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಕಡೆ ಕಟ್ಟಡಗಳಿಗೆ ಅನುದಾನ ಬಂದಿದೆ. ಕಟ್ಟಡಕ್ಕೆ ದುಡ್ಡು ಒಂದು ಸಲ, ಸಂಬಳಕ್ಕೆ ಪ್ರತಿ ತಿಂಗಳು.

ಕಾರ್ಡು ಕೆಲಸಕ್ಕೆ ಬಾರದ್ದು ಎಂದು ನಾನು ಹೇಳುತ್ತಿಲ್ಲ. ಬಡವರ ದೊಡ್ಡ ಕಾಯಿಲೆಗಳ ಚಿಕಿತ್ಸೆಗೆ ದುಡ್ಡು ಕೊಡುತ್ತಿದ್ದ ರಾಜ್ಯದ ಹಿಂದಿನ ಯೋಜನೆ ವಾಜಪೇಯಿ ಆರೋಗ್ಯಶ್ರೀ 2010ರಲ್ಲಿ ಮೊದಲು ಶುರುವಾದದ್ದು ಬಳ್ಳಾರಿ, ರಾಯಚೂರು, ಕೊಪ್ಪಳ ಸೇರಿದ ಅಂದಿನ ಗುಲ್ಬರ್ಗ ವಿಭಾಗದಲ್ಲೇ. ಯೋಜನೆ ಇದ್ದ ಹಳ್ಳಿಗಳನ್ನು ಗಡಿಯಾಚೆ ಅದಿಲ್ಲದ ಹಳ್ಳಿಗಳ ಜೊತೆ ಹೋಲಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು: ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಆಗುವ ಸಾವು ಗಣನೀಯವಾಗಿ ತಗ್ಗಿತ್ತು. ಆಗ ಗ್ರಾಮೀಣ ಭಾಗದಲ್ಲಿ ಆರೋಗ್ಯ ಶಿಬಿರ ಮಾಡಿ ಹೃದಯ, ಕ್ಯಾನ್ಸರ್ ರೋಗಿಗಳನ್ನು ಹುಡುಕಿ ಕಳಿಸುತ್ತಿದ್ದರು. ಹೊಸ ಪ್ರಸ್ತಾವದಲ್ಲಿ ರೋಗಿಯನ್ನು ಹುಡುಕುವ ಆ ಕೆಲಸ ಯಾರದು ಎಂದು ಕೇಳಿ.

ದುಡಿಯಲು ಗುಳೆ ಹೋದವರ ಬಗ್ಗೆ ಒಂದು ಸಾಲಾದರೂ ಇರಲೇಬೇಕು. ತುರ್ತು ಇಲ್ಲದ ಚಿಕಿತ್ಸೆಗೆ ಕಾರ್ಡಿನಡಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ಬೆಂಗಳೂರಿನ ಶೆಡ್ಡಿನಲ್ಲಿರುವ ಕುಟುಂಬ ಅದನ್ನು ಎಲ್ಲಿ ಬರೆಸಿಕೊಳ್ಳಬೇಕು? ರೇಷನ್ ಕಾರ್ಡಿನಲ್ಲಿ ಹೆಸರು ಸೇರದ ಕೂಸಿಗೆ, ಹೊಸ ಸೊಸೆಗೆ ಏನು ಗತಿ?

ಆಸ್ಪತ್ರೆಗೆ ದುಡ್ಡು ಕೊಡುವ ರೀತಿಯನ್ನೂ ನೋಡಿ. ಆಪರೇಷನ್‌ಗೆ ಇಷ್ಟು ಎಂದು ಕೊಟ್ಟರೆ ಬೇಡದ ಆಪರೇಷನ್ ಹೆಚ್ಚುವ ಅಪಾಯವಿದೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು 2023ರಲ್ಲಿ ಸುಪ್ರೀಂ ಕೋರ್ಟೇ ರಾಜ್ಯಗಳಿಗೆ ಹೇಳಬೇಕಾಯಿತು. ಥಾಯ್ಲೆಂಡ್ 2002ರಿಂದ ಹೊರರೋಗಿ ಚಿಕಿತ್ಸೆಗೆ ನೋಂದಾಯಿತ ತಲೆಗೆ ಇಷ್ಟು ಎಂದು ಕೊಡುತ್ತದೆ. ಅಲ್ಲಿ ಅಪಾಯ ತಿರುಗಾಮುರುಗಾ, ಬೇಕಾದ ಚಿಕಿತ್ಸೆಯನ್ನೇ ಕಡಿಮೆ ಮಾಡಬಹುದು. ಎರಡಕ್ಕೂ ತಪಾಸಣೆ ಬೇಕು.

ಗುಣಮಟ್ಟದ ಮಾತು ಬಂದಾಗ 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಆದ ಬಾಣಂತಿಯರ ಸಾವು ಮರೆಯಬಾರದು. ಅನುಮಾನ ಬಿದ್ದದ್ದು ಐವಿ ದ್ರಾವಣದ (ಡ್ರಿಪ್‌ನಲ್ಲಿ ಹಾಕುವ ದ್ರಾವಣದ) ಮೇಲೆ. ಸಂಶಯ ಬಂದ ಬ್ಯಾಚನ್ನು ಯಾರು, ಎಷ್ಟು ಗಂಟೆಯೊಳಗೆ ಎಲ್ಲ ವಾರ್ಡುಗಳಿಂದ ತೆಗೆಯುತ್ತಾರೆ ಎಂಬುದು ಪ್ರಸ್ತಾವದಲ್ಲಿ ಬರೆದಿರಬೇಕು.

ನನ್ನ ಅಭಿಪ್ರಾಯ ಕೇಳಿದರೆ, ಈಗಿನ 5 ಲಕ್ಷ ಹಾಗೇ ಇರಲಿ, ಹೆಚ್ಚಿಗೆ ಬರುವ ದುಡ್ಡು ಪಿಎಚ್‌ಸಿ ಗುಳಿಗೆಗೆ ಮತ್ತು ತಾಲ್ಲೂಕು ಆಸ್ಪತ್ರೆಯ ಹುದ್ದೆಗಳಿಗೆ ಹೋಗಲಿ ಎಂದು ತಿದ್ದುಪಡಿ ಬರೆದು ಸಹಿ ಹಾಕಿ. ಅದಕ್ಕೆ ಮೊದಲು ಮಾಹಿತಿ ಹಕ್ಕಿನಲ್ಲಿ ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿಗೆ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಆದ್ದರಿಂದ ಗುಳಿಗೆ ಸ್ಟಾಕಿಗೆ ಒಂದು, ಹುದ್ದೆಗಳಿಗೆ ಇನ್ನೊಂದು ಹಾಕಿ.