ಪೊಲೀಸರು ಯಾರ ಕಡೆ ಅಂತ ಇಲ್ಲಿ ಯಾರೂ ಕೇಳುವುದಿಲ್ಲ

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ತಂಗಿಗೆ ಹೇಳಿದ ಹಾಗೇ ಹೇಳುತ್ತೇನೆ. ನಿಮ್ಮ ಯಜಮಾನರಿಗೆ ಸಿಂಗಪುರದಲ್ಲಿ ಕೆಲಸ ಸಿಕ್ಕಿದೆ. ಜನವರಿ ಮೊದಲ ವಾರ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಬರುತ್ತಿದ್ದೀರಿ. "ಅಲ್ಲಿ ಧರ್ಮದ ಗಲಾಟೆ ಇಲ್ಲವೇ ಇಲ್ಲ ಅಂತಾರೆ, ನಿಜಾನಾ? ಹಬ್ಬ ಮಾಡೋಕೆ ಬಿಡ್ತಾರಾ? ಸರ್ಕಾರ ತುಂಬಾ ಸ್ಟ್ರಿಕ್ಟ್ ಅಂತೆ, ಬಾಯಿ ಬಿಡೋಕೂ ಹೆದರಬೇಕಾ?" ಅಂತ ಕೇಳಿದ್ದೀರಿ. ಬಾಡಿಗೆ, ಸ್ಕೂಲಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಇದಕ್ಕೆ ಮೊದಲು ಉತ್ತರ ಕೊಡಬೇಕು ಅನಿಸಿತು. ಯಾಕೆಂದರೆ ನಾನು ಹುಬ್ಬಳ್ಳಿಯವಳು.

1994ರ ಆಗಸ್ಟ್ 15ರಂದು ನನಗೆ ಹತ್ತು ವರ್ಷ. ಸ್ಕೂಲಿನಲ್ಲಿ ಧ್ವಜ ಹಾರಿಸಿ, ಪೇಡೆ ತಿಂದು ಮನೆಗೆ ಬಂದಿದ್ದೆ. ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ವಿಚಾರಕ್ಕೆ ಗಲಾಟೆ ಆಗಿ, ಗೋಲಿಬಾರ್ ಆಗಿ, ಜನ ಸತ್ತರು. ಆಮೇಲೆ ಕರ್ಫ್ಯೂ. ಹಾಲು ಬರಲಿಲ್ಲ, ಕರಿ ಚಹಾ ಕುಡಿದೆವು. ಅಪ್ಪ ಬಾಗಿಲಿಗೆ ಒಳಗಿನಿಂದ ರುಬ್ಬುಗುಂಡು ಆನಿಸಿ ಇಟ್ಟಿದ್ದರು. ನನಗೆ ಇವತ್ತಿಗೂ ನೆನಪಿರುವುದು ಗುಂಡಿನ ಸದ್ದಿಗಿಂತ ದೊಡ್ಡವರ ಪಿಸುಮಾತು. ನಮ್ಮ ಓಣಿಯಲ್ಲಿ ಹಿಂದೂ, ಮುಸ್ಲಿಂ ಎರಡೂ ಮನೆಗಳಿದ್ದವು. ಎರಡೂ ಕಡೆಯವರು ಕಿಟಕಿ ಸಂದಿಯಿಂದ ಕೇಳುತ್ತಿದ್ದದ್ದು ಒಂದೇ ಮಾತು: "ಈ ಸಲ ಪೊಲೀಸರು ಯಾರ ಕಡೆ?"

ಸಿಂಗಪುರಕ್ಕೆ ಬಂದು ಹದಿನೆಂಟು ವರ್ಷ ಆಯಿತು. ಆ ಪ್ರಶ್ನೆಯನ್ನು ಇಲ್ಲಿ ಯಾರ ಬಾಯಲ್ಲೂ ಕೇಳಿಲ್ಲ. ಮೊದಲನೇ ಪ್ರಶ್ನೆಗೆ ನನ್ನ ಉತ್ತರ ಇದೇ.

ಆದರೆ ಇಲ್ಲಿನ ಜನ ಹುಟ್ಟಾ ಶಾಂತಸ್ವಭಾವದವರು ಅಂತ ಮಾತ್ರ ತಿಳಿಯಬೇಡಿ. ಒಂದು ಕಾಲಕ್ಕೆ ಇಲ್ಲೂ ಅದೇ ಪ್ರಶ್ನೆ ಇತ್ತು. 1950ರಲ್ಲಿ ಮರಿಯಾ ಹೆರ್ಟೋಗ್ ಎಂಬ ಹದಿಮೂರು ವರ್ಷದ ಹುಡುಗಿಯ ಕೇಸು ಕೋರ್ಟಿಗೆ ಬಂತು. ಹೆತ್ತವರು ಜಾವಾದಲ್ಲಿದ್ದ ಡಚ್ ಸಂಸಾರ, ಕ್ಯಾಥೊಲಿಕರು. ಯುದ್ಧದ ಕಾಲದಲ್ಲಿ ಮಗು ಅಮೀನಾ ಎಂಬ ಮುಸ್ಲಿಂ ತಾಯಿಯ ಮಡಿಲು ಸೇರಿತ್ತು, ನಾದ್ರಾ ಅನ್ನೋ ಹೆಸರಲ್ಲಿ ಬೆಳೆದಿತ್ತು. ಕೋರ್ಟು ಹುಡುಗಿಯನ್ನು ಹೆತ್ತವರಿಗೆ ಕೊಡಿ ಅಂದಿತು. ಅವಳನ್ನು ಕಾನ್ವೆಂಟಿನಲ್ಲಿ ಇಟ್ಟರು. ಮೇರಿ ಮಾತೆಯ ಮೂರ್ತಿ ಮುಂದೆ ಮಂಡಿಯೂರಿದ ಅವಳ ಫೋಟೋ ಪೇಪರಿನಲ್ಲಿ ಬಂತು. ಡಿಸೆಂಬರ್ 11ಕ್ಕೆ ಊರು ಹೊತ್ತಿಕೊಂಡಿತು. 18 ಜನ ಸತ್ತರು, 173 ಜನಕ್ಕೆ ಗಾಯ. ಆಗ ಪೊಲೀಸರಲ್ಲಿ ಹೆಚ್ಚಿನವರು ಮಲಯ ಜನಾಂಗದ ಮುಸ್ಲಿಮರು. ಅವರಲ್ಲಿ ಹಲವರು ಗುಂಪನ್ನು ತಡೆಯದೆ ಸುಮ್ನೆ ನಿಂತುಬಿಟ್ಟರು. ಕೊನೆಗೆ ಸೈನ್ಯ ಬರಬೇಕಾಯಿತು. ಒಂದು ಫೋಟೋ, ತಂಗಿ. ಆಗ ವಾಟ್ಸಾಪ್ ಕೂಡ ಇರಲಿಲ್ಲ.

1964ರಲ್ಲಿ ಇನ್ನೊಂದು. ಆಗ ಸಿಂಗಪುರ ಮಲೇಷ್ಯಾದ ಭಾಗ, ಎರಡೂ ಕಡೆಯ ಪಕ್ಷಗಳು ಮಲಯ-ಚೀನಿ ಅಂತ ರಾಜಕೀಯ ಕಾವೇರಿಸಿದ್ದವು. ಜುಲೈ 21ರಂದು ಪ್ರವಾದಿ ಜಯಂತಿಯ ಮೆರವಣಿಗೆ ಗೇಲಾಂಗ್ ಕಡೆ ಹೊರಟಿತ್ತು. ದಾರಿಯಲ್ಲಿ ಹೊಡೆದಾಟ. 23 ಸಾವು. ಸೆಪ್ಟೆಂಬರಿನಲ್ಲಿ ಮತ್ತೆ ಗಲಭೆ, ಇನ್ನೂ 13 ಸಾವು. ಮರುವರ್ಷ ಸಿಂಗಪುರ ಬೇರೆ ದೇಶವಾಯಿತು. ಇಲ್ಲಿನ ಸರ್ಕಾರ ಈ ವಿಷಯದಲ್ಲಿ ಏನೇ ಮಾಡಿದರೂ ಅದರ ಹಿಂದೆ ಈ ಎರಡು ವರ್ಷಗಳು ಇವೆ.

ಪೊಲೀಸರು ಯಾರ ಕಡೆ ಅನ್ನುವ ಅನುಮಾನವನ್ನು ಹೇಗೆ ಕಳೆದರು ಅಂತ ನಾನು ಬಹಳ ಯೋಚಿಸಿದ್ದೇನೆ. ಒಂದು ದಾರಿ ಗೂರ್ಖಾಗಳು. ಬ್ರಿಟಿಷರು 1949ರಲ್ಲಿ ಪೊಲೀಸ್ ಇಲಾಖೆಯ ಒಳಗೇ ಒಂದು ಗೂರ್ಖಾ ಪಡೆ ಕಟ್ಟಿದ್ದರು, ಅದು ಇವತ್ತಿಗೂ ಇದೆ. ಅವರು ಮಲಯರೂ ಅಲ್ಲ, ಚೀನಿಯರೂ ಅಲ್ಲ, ಇಲ್ಲಿನ ಯಾವ ಓಣಿಯವರೂ ಅಲ್ಲ. ಬೇರೆ ಕ್ಯಾಂಪಿನಲ್ಲಿ ಇರುತ್ತಾರೆ, ನಿವೃತ್ತಿ ಆದಮೇಲೆ ಹೆಂಡತಿ ಮಕ್ಕಳ ಸಮೇತ ನೇಪಾಳಕ್ಕೆ ಹೋಗಬೇಕು. ಇಲ್ಲೇ ಹುಟ್ಟಿ ಬೆಳೆದ ಮಕ್ಕಳನ್ನೂ ಹಾಗೆ ಕಳಿಸುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಯಾರ ಕಡೆಯವರೂ ಅಲ್ಲದ ಪೊಲೀಸರು ಬೇಕು ಅಂತ ಒಂದು ಊರು ಎಷ್ಟು ದೂರ ಹೋಯಿತು ನೋಡಿ.

ಇನ್ನೊಂದು ದಾರಿ ಮನೆಗಳು. ಇದು ನಿಮಗೂ ನೇರವಾಗಿ ತಟ್ಟುತ್ತದೆ. ಇಲ್ಲಿನ ನಿವಾಸಿಗಳಲ್ಲಿ ಹೆಚ್ಚುಕಮ್ಮಿ ಹತ್ತಕ್ಕೆ ಎಂಟು ಜನ ಇರುವುದು ಸರ್ಕಾರ ಕಟ್ಟಿದ ಎಚ್‌ಡಿಬಿ ಫ್ಲಾಟುಗಳಲ್ಲಿ. 1989ರಿಂದ ಒಂದೊಂದು ಬ್ಲಾಕಿಗೂ ಜನಾಂಗವಾರು ಮಿತಿ ಇದೆ. ಚೀನಿಯರು 87%, ಮಲಯರು 25%, ಭಾರತೀಯರು ಮತ್ತು ಇತರರು 15%. ಅದರ ಮೇಲೆ ಆ ಬ್ಲಾಕಿನಲ್ಲಿ ಹೋಗುವಂತಿಲ್ಲ. ಬಾಡಿಗೆಗೆ ಬರುವ ವಿದೇಶಿಯರಿಗೂ ಬೇರೆ ಮಿತಿ ಇದೆ, ಬ್ಲಾಕಿಗೆ 11%. ನಮಗೇ ಒಂದು ಮನೆ ತುಂಬಾ ಹಿಡಿಸಿತ್ತು, ಪೂರ್ವದ ಬಿಸಿಲು ಅಡಿಗೆಮನೆಗೆ ಬೀಳುತ್ತಿತ್ತು. ವಿಚಾರಿಸಿದರೆ ಆ ಬ್ಲಾಕಿನಲ್ಲಿ ಭಾರತೀಯರ ಪಾಲು ಮುಗಿದಿತ್ತು. ಮಾರುವ ಚೀನಿ ದಂಪತಿಗೂ ಬೇಜಾರು, ನಮಗೂ ಬೇಜಾರು. ಆವತ್ತು ರಾತ್ರಿ ನಾನು ಅತ್ತಿದ್ದೆ. ನನ್ನ ಚರ್ಮ ನೋಡಿ ಮನೆ ಇಲ್ಲ ಅಂದರಲ್ಲ ಅಂತ. ಹುಬ್ಬಳ್ಳಿಯಲ್ಲಿ ನಮ್ಮ ಪಕ್ಕದ ಓಣಿಗಳು ಒಂದೊಂದಾಗಿ ಒಂದೇ ಧರ್ಮದವರದ್ದಾಗಿ ಹೋದದ್ದು ಆಮೇಲೆ ನೆನಪಾಯಿತು. ಅಲ್ಲಿ ಯಾರೂ ಕಾನೂನು ಮಾಡಿರಲಿಲ್ಲ. ಭಯವೇ ಮಾಡಿತು.

ಈಗ ನಾವಿರುವ ಬ್ಲಾಕಿನ ಕೆಳಗೆ ವಾಯ್ಡ್ ಡೆಕ್ ಅಂತ ಖಾಲಿ ಜಾಗ ಇದೆ, ಹೆಚ್ಚಿನ ಬ್ಲಾಕುಗಳಿಗೆ ಇರುತ್ತದೆ. ಮಲಯರ ಮದುವೆಯೂ ಅಲ್ಲೇ, ಚೀನಿಯರ ಸಾವಿನ ಕರ್ಮವೂ ಅಲ್ಲೇ. ಒಂದು ಭಾನುವಾರ ಈ ತುದಿಯಲ್ಲಿ ಬಿರಿಯಾನಿ ಹಂಡೆ, ಆ ತುದಿಯಲ್ಲಿ ಬಿಳಿ ಪರದೆ, ತಾಳ, ಊದುಬತ್ತಿ. ಮದುವೆಯವರು ಮೈಕಿನ ಸೌಂಡು ಕಮ್ಮಿ ಮಾಡಿದರು. ಕರ್ಮದವರು ತಮ್ಮ ಕಾಗದ ಸುಡುವ ಡಬ್ಬವನ್ನು ಗಾಳಿಯ ಆ ಕಡೆಗೆ ಸರಿಸಿದರು. ಯಾರೂ ಯಾರನ್ನೂ ಅಪ್ಪಿಕೊಳ್ಳಲಿಲ್ಲ, ಮಾತೂ ಆಡಲಿಲ್ಲ. ಅಷ್ಟೇ. ಇಲ್ಲಿನ ಸೌಹಾರ್ದ ಹೆಚ್ಚಿನ ಸಲ ಇಷ್ಟೇ ಇರುತ್ತದೆ, ಇಷ್ಟು ಸಾಕಾಗುತ್ತದೆ.

ಹಬ್ಬದ ಪ್ರಶ್ನೆ. ಧಾರಾಳವಾಗಿ ಮಾಡಿ. ದೀಪಾವಳಿಗೆ ಸರ್ಕಾರಿ ರಜೆ ಇದೆ. 2020ರ ಜನಗಣತಿ ಪ್ರಕಾರ ಹಿಂದೂಗಳು ನೂರಕ್ಕೆ ಐದು, ಬೌದ್ಧರು 31, ಕ್ರೈಸ್ತರು 19ರ ಹತ್ತಿರ, ಮುಸ್ಲಿಮರು 15.6, ಯಾವ ಧರ್ಮವೂ ಇಲ್ಲ ಅನ್ನುವವರು 20. ಗಣಪತಿಯನ್ನು ಮನೆಯಲ್ಲಿ ಕೂರಿಸುತ್ತೇವೆ, ಬಕೆಟ್ ನೀರಿನಲ್ಲಿ ಕಳಿಸುತ್ತೇವೆ. ಬೀದಿಯಲ್ಲಿ ಡಿಜೆ, ಮೆರವಣಿಗೆ ಮಾತ್ರ ಮರೆತುಬಿಡಿ. 1964ರ ನಂತರ ಧಾರ್ಮಿಕ ಕಾಲ್ನಡಿಗೆ ಮೆರವಣಿಗೆಗೇ ನಿಷೇಧ. ಮುರುಗನ ಹಬ್ಬಗಳಾದ ತೈಪೂಸಂ, ಪಂಗುಣಿ ಉತ್ತಿರಂ, ಕೆಂಡ ಹಾಯುವ ತಿಮಿತಿ, ಹಿಂದೂಗಳ ಈ ಮೂರಕ್ಕೆ ಮಾತ್ರ ವಿನಾಯಿತಿ. ತೈಪೂಸಂ ದಾರಿಯಲ್ಲಿ ವಾದ್ಯ ಬಾರಿಸುವುದನ್ನು 1973ರಲ್ಲಿ ನಿಲ್ಲಿಸಿದ್ದರು, 2016ರಿಂದ ಸ್ವಲ್ಪ ಸ್ವಲ್ಪ ಬಿಟ್ಟಿದ್ದಾರೆ. ವಾದ್ಯ ಇಲ್ಲದ ಕಾವಡಿ ಏನು ಕಾವಡಿ ಅಂತ ತಮಿಳರಿಗೆ ನೋವಿತ್ತು, ನನಗೂ ಅದು ಅತಿಯಾಯಿತು ಅನಿಸುತ್ತಿತ್ತು.

ಬಂದಮೇಲೆ ಒಂದು ಸಲ ವಾಟರ್‌ಲೂ ಸ್ಟ್ರೀಟಿಗೆ ಹೋಗಿ. ಗ್ವಾನ್ ಇಮ್ ಚೀನಿ ದೇವಸ್ಥಾನದ ಮಗ್ಗುಲಲ್ಲೇ ಕೃಷ್ಣ ದೇವಸ್ಥಾನ, 1870ರದ್ದು. ಚೀನಿ ಅಜ್ಜಿಯಂದಿರು ಅಲ್ಲಿ ಪ್ರಾರ್ಥನೆ ಮುಗಿಸಿ ಇಲ್ಲಿ ಬಂದು, ನಮ್ಮ ಹಾಗೆ ಕೈ ಮುಗಿಯದೆ, ಊದುಬತ್ತಿ ಕಟ್ಟನ್ನು ಹಣೆಗೆ ಒತ್ತಿ ಮೂರು ಸಲ ಬಗ್ಗುತ್ತಾರೆ. ಅದೇ ಬೀದಿಯಲ್ಲಿ ಯಹೂದಿಗಳ ಸಿನಗಾಗ್ ಇದೆ. ಇದನ್ನು ಯಾವ ಸರ್ಕಾರವೂ ಮಾಡಿದ್ದಲ್ಲ.

ಈಗ ನಿಮ್ಮ ಮೂರನೇ ಪ್ರಶ್ನೆ, ಬಾಯಿ ಬಿಡೋಕೂ ಹೆದರಬೇಕಾ. ಪೂರ್ತಿ ನಿಜ ಹೇಳುತ್ತೇನೆ. ಧರ್ಮದ ವಿಷಯದಲ್ಲಿ ಹೌದು, ಸ್ವಲ್ಪ ಹೆದರಬೇಕು.

1990ರಲ್ಲಿ ಧಾರ್ಮಿಕ ಸೌಹಾರ್ದ ಕಾಯ್ದೆ ಅಂತ ಮಾಡಿದರು. ಧರ್ಮದ ಹೆಸರಲ್ಲಿ ದ್ವೇಷ ಹುಟ್ಟಿಸುವವರಿಗೆ, ಧರ್ಮದ ವೇದಿಕೆಯಿಂದ ರಾಜಕೀಯ ಮಾಡುವವರಿಗೆ, ಬಾಯಿ ಮುಚ್ಚಿ ಅಂತ ಸರ್ಕಾರ ಆದೇಶ ಕೊಡಬಹುದು. 2019ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದರು. ಅಲ್ಲಿಯವರೆಗೆ ಆ ಆದೇಶವನ್ನು ಒಮ್ಮೆಯೂ ಬಳಸಿರಲಿಲ್ಲ. ಬಳಸುವ ತನಕ ಹೋಗುವುದೇ ಇಲ್ಲ, ಕರೆಸಿ ಮಾತಾಡುತ್ತಾರೆ. 2010ರಲ್ಲಿ ಒಬ್ಬ ಪಾದ್ರಿ ಬೌದ್ಧರನ್ನು ಹೀಗಳೆದು ಮಾತಾಡಿದ್ದಕ್ಕೆ ಕರೆಸಿದರು, ಅವರು ಕ್ಷಮೆ ಕೇಳಿದರು. 2017ರಲ್ಲಿ ನಮ್ಮ ಭಾರತದಿಂದಲೇ ಬಂದ ಒಬ್ಬ ಇಮಾಮ್ ಪ್ರಾರ್ಥನೆಯ ಜೊತೆ ಕ್ರೈಸ್ತರು, ಯಹೂದಿಗಳ ವಿರುದ್ಧ ಒಂದು ಸಾಲು ಸೇರಿಸಿ ಹೇಳಿದ್ದರು. 4,000 ಡಾಲರ್ ದಂಡ, ವಾಪಸ್ ಊರಿಗೆ. 2021ರಲ್ಲಿ ಭಾರತೀಯ ಮೂಲದ 16 ವರ್ಷದ ಒಬ್ಬ ಕ್ರೈಸ್ತ ಹುಡುಗ ತನ್ನ ಮನೆ ಹತ್ತಿರದ ಎರಡು ಮಸೀದಿಗಳ ಮೇಲೆ ದಾಳಿಗೆ ತಯಾರಾಗುತ್ತಿದ್ದ ಸುದ್ದಿ ಹೊರಬಂತು. ಒಂದು ಕೂದಲೂ ಕೊಂಕುವ ಮೊದಲೇ ಅವನನ್ನು ಹಿಡಿದಿದ್ದರು. ಪಾದ್ರಿ, ಇಮಾಮ್, ಹುಡುಗ, ಯಾರಾದರೂ ಅಷ್ಟೇ. ಜನ ನಂಬುವುದು ಈ ಕಾರಣಕ್ಕೆ.

ಆದರೆ ಇದೇ ಕೈ ಬೇರೆ ಕಡೆಯೂ ಬೀಸಿದೆ. 1987ರಲ್ಲಿ ಬಡವರ, ಕೂಲಿಗಳ ಪರ ಕೆಲಸ ಮಾಡುತ್ತಿದ್ದ ಕ್ಯಾಥೊಲಿಕ್ ಕಾರ್ಯಕರ್ತರೂ ಸೇರಿ 22 ಜನರನ್ನು ಮಾರ್ಕ್ಸ್‌ವಾದಿ ಪಿತೂರಿ ಅಂತ ವಿಚಾರಣೆಯೇ ಇಲ್ಲದೆ ಒಳಗೆ ಹಾಕಿದ್ದರು. ಅದನ್ನು ನಂಬದವರು ಇಲ್ಲಿ ಇವತ್ತಿಗೂ ಇದ್ದಾರೆ, ನಾನೂ ನಂಬುವುದಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಮಲಯ ಗೆಳತಿ ಎಷ್ಟೋ ವರ್ಷ ದಿನಾ ಕೆಲಸದ ಗೇಟಿನ ಹತ್ತಿರ ತಲೆವಸ್ತ್ರ ಬಿಚ್ಚಿ, ಮಡಚಿ, ಬ್ಯಾಗಿಗೆ ಹಾಕಿ ಒಳಗೆ ಹೋಗುತ್ತಿದ್ದಳು. 2021ರ ನವೆಂಬರಿನಲ್ಲಿ ನರ್ಸುಗಳಿಗೆ ಅನುಮತಿ ಸಿಕ್ಕಿತು, ಸರ್ಕಾರಿ ಸ್ಕೂಲಿನ ಹುಡುಗಿಯರಿಗೆ ಇನ್ನೂ ಇಲ್ಲ. ಅದರ ಬೆನ್ನಲ್ಲೇ ಉಡುಪಿಯಲ್ಲಿ ಶುರುವಾದ ಹಿಜಾಬ್ ಗಲಾಟೆಯನ್ನು ನಾವಿಬ್ಬರೂ ಟಿವಿಯಲ್ಲಿ ನೋಡಿದೆವು. "ನಮ್ಮಲ್ಲಿ ಕಿರುಚಾಟ ಇಲ್ಲ, ಆದರೆ ಎಷ್ಟು ವರ್ಷ ಕಾದೆ ಗೊತ್ತಾ?" ಅಂದಳು. ಅವಳಿಗೆ ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ. ಇಲ್ಲಿ ಮೌನವನ್ನು ನೋಡಿ ಯಾರಿಗೂ ನೋವಿಲ್ಲ ಅಂದುಕೊಳ್ಳಬೇಡಿ.

ಇಷ್ಟಾದರೂ ನಾನು ಈ ವ್ಯವಸ್ಥೆಯ ಪರವೇ. ಯಾಕೆ ಅಂತ ಹೇಳುತ್ತೇನೆ. 2022ರ ಏಪ್ರಿಲ್ 16ರ ರಾತ್ರಿ ಒಂದು ವಾಟ್ಸಾಪ್ ಸ್ಟೇಟಸ್‌ಗೆ ಹಳೇ ಹುಬ್ಬಳ್ಳಿ ಪೊಲೀಸ್ ಠಾಣೆ ಮೇಲೆ ಕಲ್ಲು ಬಿದ್ದವು. ಅಣ್ಣನ ಮಗ ವಿಡಿಯೋ ಕಳಿಸಿದ. ನಾನು ಸಿಟ್ಟಿನಲ್ಲಿ ಅದನ್ನು ಇಲ್ಲಿನ ಗೆಳೆಯರ ಗ್ರೂಪಿಗೆ ಹಾಕಿ, ಜೊತೆಗೆ ಒಂದು ಮಾತು ಬರೆದೆ. ಬರೆಯಬಾರದ ಮಾತು. ಹತ್ತೇ ನಿಮಿಷದಲ್ಲಿ ಗ್ರೂಪಿನ ಹಿರಿಯರೊಬ್ಬರ ಫೋನು: "ತಂಗೀ, ಈಗಲೇ ತೆಗೆ. ಕಾನೂನಿಗಾಗಿ ಮಾತ್ರ ಹೇಳ್ತಿಲ್ಲ. ಗ್ರೂಪಿನಲ್ಲಿ ಭಟ್ಕಳದ ಹುಡುಗ ಇದ್ದಾನೆ, ಅವನು ಅದನ್ನ ಓದ್ತಾನೆ." ತೆಗೆದೆ. ಅವನು ಓದಿದ್ದ. ಮರುದಿನ ಅವನಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಪರವಾಗಿಲ್ಲ ಅಕ್ಕಾ ಅಂದ. ಆಮೇಲೆ ಅವನು ಗ್ರೂಪಿನಲ್ಲಿ ಮಾತಾಡಿದ್ದು ಬಹಳ ಕಮ್ಮಿ. ಅದು ನನ್ನ ತಪ್ಪು.

ಹಳೇ ಹುಬ್ಬಳ್ಳಿಯ ಆ ಕೇಸನ್ನು 2024ರಲ್ಲಿ ರಾಜ್ಯ ಸರ್ಕಾರ ವಾಪಸ್ ಪಡೆಯಲು ಹೊರಟಿತು, 2025ರಲ್ಲಿ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. ಬೇರೆ ಪಕ್ಷ ಇದ್ದಾಗ ಬೇರೆಯವರ ಕೇಸು ವಾಪಸ್ ಆಗಿವೆ. ಹೀಗಾದರೆ ಓಣಿಯ ಜನ ಪೊಲೀಸರು ಯಾರ ಕಡೆ ಅಂತ ಕೇಳದೆ ಇನ್ನೇನು ಮಾಡುತ್ತಾರೆ? ಸಿಂಗಪುರದ ಮಿತಿ, ಲೆಕ್ಕಾಚಾರ, ವಿಚಾರಣೆ ಇಲ್ಲದ ಬಂಧನ ಇವೆಲ್ಲ ನಮ್ಮೂರಿಗೆ ಬರಲಿ ಅಂತ ನಾನು ಹೇಳುವುದಿಲ್ಲ. ಗಲಭೆ ಮಾಡಿದವನು ಯಾರ ಕಡೆಯವನೇ ಆಗಲಿ ಕೇಸು ಕೊನೇವರೆಗೆ ನಡೆಯುತ್ತದೆ ಅನ್ನುವ ಆ ಒಂದು ನಂಬಿಕೆ ಬಂದರೆ ಸಾಕು ಅಂತ ನನ್ನ ಆಸೆ.

ಹೊರಡುವ ಮೊದಲು ಊರಿನ ಗ್ರೂಪುಗಳಲ್ಲಿ ಫೋಟೋ, ವಿಡಿಯೋ ತಾನಾಗೇ ಡೌನ್‌ಲೋಡ್ ಆಗುವುದನ್ನು ಆಫ್ ಮಾಡಿ. ಫಾರ್ವರ್ಡ್ ಮಾಡುವ ಅಭ್ಯಾಸ ಯಜಮಾನರಿಗಿದ್ದರೆ ಅವರಿಗೂ ಹೇಳಿ. ಮಗನಿಗೆ ಒಂದು ಜೊತೆ ಹಬ್ಬದ ಬಟ್ಟೆ ತನ್ನಿ. ಜುಲೈ 21 ಇಲ್ಲಿನ ಸ್ಕೂಲುಗಳಲ್ಲಿ ಜನಾಂಗ ಸೌಹಾರ್ದ ದಿನ, 1964ರ ಅದೇ ತಾರೀಖು. ನನ್ನ ಮಗಳು ಎರಡನೇ ಕ್ಲಾಸಿನಲ್ಲಿ ಗೆಳತಿಯ ಬಾಜು ಕುರುಂಗ್ (ಮಲಯರ ಉಡುಪು) ಹಾಕಿದ್ದಳು, ಆ ಹುಡುಗಿ ಇವಳ ಖಣದ ಲಂಗ ಹಾಕಿದ್ದಳು. ಲಂಗ ಇನ್ನೂ ಅವರ ಮನೆಯಲ್ಲೇ ಇದೆ.

ಜನವರಿ ಮೊದಲ ವಾರ ಅಂದಿರಿ, ಹಾಗಾದರೆ ತೈಪೂಸಂ ನಿಮಗೆ ಸಿಗುತ್ತದೆ. ಹಿಂದಿನ ರಾತ್ರಿಯೇ ಸೆರಂಗೂನ್ ರಸ್ತೆಯ ಪೆರುಮಾಳ್ ದೇವಸ್ಥಾನದಿಂದ ಟ್ಯಾಂಕ್ ರೋಡಿನ ಮುರುಗನ ದೇವಸ್ಥಾನದವರೆಗೆ ಹಾಲಿನ ಕೊಡಗಳು ಹೊರಡುತ್ತವೆ. ನಾನು ಕರೆದುಕೊಂಡು ಹೋಗುತ್ತೇನೆ. ಮಗುವಿಗೆ ನಿದ್ದೆ ಬಂದರೆ ಬೆಳಗ್ಗೆ ಹೋಗೋಣ, ಸಂಜೆವರೆಗೂ ಇರುತ್ತದೆ.