ಅಕ್ಕ ದಪ್ಪ, ತಮ್ಮ ಸಣ್ಣ: ಟೆನ್ಷನ್ ಮಾತ್ರ ಒಂದೇ

"ಮೇಡಂ, ಮಧ್ಯಾಹ್ನ ಒಂದೇ ಚಪಾತಿ ತಿನ್ನೋದು. ಆದ್ರೂ ತೂಕ ಏರ್ತಾನೇ ಇದೆ."

ಹೆಸರು, ಗುರುತು ಬದಲಿಸಿದ್ದೇನೆ. ನನ್ನ ಹತ್ತಿರ ಸಲಹೆಗೆ ಬಂದ ಇವರನ್ನು ಸುಮಾ ಅನ್ನೋಣ. ವಯಸ್ಸು ನಲವತ್ತರ ಹತ್ತಿರ, ಪ್ರೈಮರಿ ಶಾಲೆಯ ಟೀಚರ್. ತಂದೆ ಸ್ಟ್ರೋಕ್ ಆಗಿ ಹಾಸಿಗೆ ಹಿಡಿದ ಮೇಲೆ ಒಂದು ವರ್ಷದಲ್ಲಿ 8 ಕಿಲೋ ಏರಿದ್ದಾರೆ, ಅದೂ ಹೆಚ್ಚಾಗಿ ಹೊಟ್ಟೆಯ ಸುತ್ತ. ಅದೇ ಮನೆಯಲ್ಲಿದ್ದು ಅದೇ ಆಸ್ಪತ್ರೆಗೆ ಓಡಾಡುವ ತಮ್ಮ ಮಾತ್ರ ಸೊರಗಿಹೋಗಿದ್ದಾರೆ. "ಪಾಪ ಅವನಿಗೆ ಟೆನ್ಷನ್, ನೀನು ಆರಾಮಾಗಿದ್ದೀಯ" ಅಂತ ನೆಂಟರ ಮಾತು ಬೇರೆ. ಇಂಥ ಮಾತು ಕೇಳಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ದಿಢೀರ್ ಗಾಬರಿಯಾದಾಗ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರಿ ಹಸಿವು ಸತ್ತುಹೋಗುತ್ತದೆ. ಒತ್ತಡ ತಿಂಗಳುಗಟ್ಟಲೆ ಎಳೆದರೆ ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳಿಂದ ಬರುವ ಇನ್ನೊಂದು ಹಾರ್ಮೋನ್ ಕಾರ್ಟಿಸಾಲ್‌ನದೇ ಕಾರುಬಾರು. ಅದು ರಕ್ತದಲ್ಲಿ ಸಕ್ಕರೆ ಏರಿಸುತ್ತದೆ, ಸಿಹಿ, ಕರಿದ ತಿಂಡಿಯ ಆಸೆ ಹುಟ್ಟಿಸುತ್ತದೆ, ಕೊಬ್ಬು ಹೊಟ್ಟೆಯೊಳಗೆ ಸೇರೋ ಹಾಗೆ ಮಾಡುತ್ತದೆ. ಜೊತೆಗೆ ನಿದ್ದೆಗೆಟ್ಟರೆ ಹಸಿವು ಹುಟ್ಟಿಸುವ ಗ್ರೆಲಿನ್ ಜಾಸ್ತಿಯಾಗುತ್ತದೆ, ಹೊಟ್ಟೆ ತುಂಬಿತು ಅನ್ನಿಸುವ ಲೆಪ್ಟಿನ್ ಕಡಿಮೆಯಾಗುತ್ತದೆ. ಯಾರಿಗೆ ಹಸಿವು ಏರುತ್ತೆ, ಯಾರಿಗೆ ಇಂಗುತ್ತೆ ಅನ್ನೋದು ಒಬ್ಬೊಬ್ಬರಲ್ಲಿ ಒಂದೊಂದು ಥರ.

ಆದರೆ ಊಟ ಇಲ್ಲದೆ ಬರೀ ಹಾರ್ಮೋನಿನಿಂದ ಕೊಬ್ಬು ಬರೋದಿಲ್ಲ ಅಲ್ವಾ? ರಾತ್ರಿ ಹೇಗೆ ಕಳೆಯುತ್ತೆ ಅಂತ ಕೇಳಿದೆ. ಹನ್ನೊಂದು ಗಂಟೆಗೆ ತಂದೆಯ ಮಗ್ಗುಲು ಬದಲಿಸಿ, ದೀಪವನ್ನೂ ಹಾಕದೆ ಅಡುಗೆಮನೆಯಲ್ಲಿ ನಿಂತುಕೊಂಡೇ ಡಬ್ಬಿಯಿಂದ ಖಾರದ ಅವಲಕ್ಕಿ ಮುಕ್ಕುವುದು, ಮೇಲೊಂದು ಬೆಲ್ಲದ ಚೂರು, ಮತ್ತೆ ಒಂದು ಗಂಟೆಗೆ ಎದ್ದು ಮಗ್ಗುಲು ಬದಲಿಸುವುದು. ಇದನ್ನು ಅವರು ಊಟದ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹೇಳುತ್ತಾ ಅತ್ತುಬಿಟ್ಟರು. ದಿನವಿಡೀ ಹಸಿದ ಮೈ ರಾತ್ರಿ ಕೇಳುತ್ತದೆ, ಇದರಲ್ಲಿ ನಾಚಿಕೆಪಡುವಂಥದ್ದು ಏನಿದೆ ಸುಮಾ, ಅಂದೆ.

ಡಯಟ್ ಸದ್ಯಕ್ಕೆ ಬೇಡವೇ ಬೇಡ ಅಂದೆ. ಬೆಳಿಗ್ಗೆ ಮೊಟ್ಟೆಯೋ ಹೆಸರುಕಾಳಿನ ಉಸಲಿಯೋ ತಿಂದೇ ಶಾಲೆಗೆ ಹೋಗಿ, ಮಧ್ಯಾಹ್ನ ಹೊಟ್ಟೆ ತುಂಬ ಉಣ್ಣಿ, ಸಂಜೆ ನಾಲ್ಕರ ಮೇಲೆ ಕಾಫಿ ಬಿಡಿ. ರಾತ್ರಿ ಹಸಿವಾದರೆ ತಟ್ಟೆಗೆ ಮಜ್ಜಿಗೆ ಅನ್ನ ಹಾಕಿಕೊಂಡು ಕೂತು ಉಣ್ಣಿ. ಇದಕ್ಕಿಂತ ಮುಖ್ಯವಾದದ್ದು ನಿದ್ದೆ. ತಮ್ಮನನ್ನೂ ಕರೆಸಿದೆ. "ನಾನು ಯಾವತ್ತೂ ಆಗಲ್ಲ ಅಂದಿಲ್ಲ ಮೇಡಂ, ಅಕ್ಕ ಎಬ್ಬಿಸೋದೇ ಇಲ್ಲ" ಅಂದರು. ಈಗ ಒಂದು ರಾತ್ರಿ ಇವರು, ಒಂದು ರಾತ್ರಿ ಅವರು.

ಇಬ್ಬರನ್ನೂ ಡಾಕ್ಟರ ಹತ್ತಿರ ಕಳಿಸಿದೆ. ತಾನಾಗೇ ತೂಕ ಇಳಿದರೆ ಬರೀ ಟೆನ್ಷನ್ ಅಂದುಕೊಂಡು ಸುಮ್ನೆ ಕೂರಬಾರದು, ಶುಗರ್, ಥೈರಾಯ್ಡ್, ಕ್ಷಯ ನೋಡಿಸಲೇಬೇಕು. ತಮ್ಮನಿಗೆ ಶುಗರ್ ಇತ್ತು, ಚಿಕಿತ್ಸೆ ಶುರುವಾಗಿದೆ. ತೂಕ ಏರಿದವರಲ್ಲಿ ಮುಖ ಗುಂಡಗಾಗಿ, ಹೊಟ್ಟೆಯ ಮೇಲೆ ಅಗಲವಾದ ನೇರಳೆ ಗೆರೆ ಬಿದ್ದು, ಸ್ವಲ್ಪ ತಾಗಿದರೂ ಚರ್ಮ ಕಂದಿದರೆ ಅದು ಮೈಯಲ್ಲಿ ಕಾರ್ಟಿಸಾಲ್ ಅತಿಯಾಗುವ ಕುಶಿಂಗ್ ಕಾಯಿಲೆ ಇರಬಹುದು. ಹೆಚ್ಚು ದಿನ ಸ್ಟಿರಾಯ್ಡ್ ತೆಗೆದುಕೊಂಡವರಿಗೂ ಹೀಗಾಗುತ್ತದೆ, ಆದರೆ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು. ಸುಮಾ ಅವರಿಗೆ ಇದ್ಯಾವುದೂ ಇರಲಿಲ್ಲ. ಕಾರ್ಟಿಸಾಲ್ ಇಳಿಸುವ ಪುಡಿ ಅಂತ ಮೊಬೈಲಿನಲ್ಲಿ ಬರುವುದಕ್ಕೆ ದುಡ್ಡು ಸುರಿಯಬೇಡಿ ಅಂತಲೂ ಹೇಳಿದೆ.

ಸುಮಾ ಅವರ ತೂಕ ಅಷ್ಟೇನೂ ಇಳಿದಿಲ್ಲ, ಆದರೆ ಏರುವುದು ನಿಂತಿದೆ. ಮನೆಯಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಾ ನೀವೂ ಸುಸ್ತಾಗಿದ್ದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಅದು ಉಚಿತ, ಕನ್ನಡದಲ್ಲೇ ಮಾತಾಡಬಹುದು.